ಗಾಳಿಗಂಡಿಗೆ ಹಚ್ಚಿದ ಟೇಪು

ನನಗೆ ಮೂಗಿನ ತುದಿಯಲ್ಲಿ ಕೋಪ, ಕಾಲಲ್ಲಿ ಚಕ್ರ ಎಂದು ಅಮ್ಮ ಮೊದಲಿನಿಂದಲೂ ಹೇಳುತ್ತಾಳೆ. ಸುಳ್ಳಲ್ಲ. ಮದುವೆಯಾದ ಆರು ವರ್ಷಗಳಲ್ಲಿ ಬ್ರಿಸ್ಬೇನ್, ಪರ್ತ್, ಅಡಿಲೇಡ್ ಎಂದು ಮೂರು ಊರು ಬದಲಾಯಿಸಿದ್ದೆವು. ಪ್ರತಿ ಸಲವೂ ಮೊದಲು ಪೆಟ್ಟಿಗೆ ಕಟ್ಟಿದವಳು ನಾನೇ. ಪರ್ತಿನ ವಿಲೆಟನ್‌ನಲ್ಲಿ ಒಡಹುಟ್ಟಿದವರಂಥ ಸ್ನೇಹಿತರಿದ್ದರು, ಅವರನ್ನೂ ಬಿಟ್ಟು ಹೊಸ ಕೆಲಸದ ಆಸೆಗೆ ಹೊರಟುಬಂದೆ. ನನ್ನ ಕೆಲಸ ಗಣಿಗಳಿಗೆ ಗಾಳಿ ಒದಗಿಸುವುದು. ನೆಲದಡಿಯ ಸುರಂಗಕ್ಕೆ ಎಲ್ಲಿಂದ ಒಳ್ಳೆಯ ಗಾಳಿ ಬರಬೇಕು, ಕೆಟ್ಟ ಗಾಳಿ ಎಲ್ಲಿಂದ ಹೊರಗೆ ಹೋಗಬೇಕು ಎಂದು ಲೆಕ್ಕ ಹಾಕುವ ಎಂಜಿನಿಯರ್ ನಾನು. ಇದನ್ನು ಓದುವವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ನಾನು ಆವತ್ತು ಮರೆತಿದ್ದೆ.

ಅಡಿಲೇಡಿನಲ್ಲಿ ನಮ್ಮದು ಬ್ಲೇರ್ ಅಥಾಲ್‌ನ ಒಂದು ಹಳೆಯ ಇಟ್ಟಿಗೆ ಮನೆ, ಬಾಡಿಗೆಯದು. ಅಲ್ಲಿಗೆ ಬಂದ ಮರುವರ್ಷ ಜೂನ್‌ನಲ್ಲಿ, ಅಂದರೆ ಅಲ್ಲಿಯ ಚಳಿಗಾಲ ಶುರುವಾಗುವಾಗ, ಮಗ ಹುಟ್ಟಿದ. ಬಾಣಂತನಕ್ಕೆ ಮೈಸೂರಿನಿಂದ ಅಮ್ಮ ಬಂದಳು. ಗಂಡನಿಗೆ ಪಶ್ಚಿಮದ ಗಣಿಯೊಂದರಲ್ಲಿ ಭೂವಿಜ್ಞಾನಿಯ ಕೆಲಸ. ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಹಾಗಾಗಿ ಹೆಚ್ಚಿನ ದಿನ ಮನೆಯಲ್ಲಿ ನಾವು ಮೂವರೇ.

ಆಸ್ಟ್ರೇಲಿಯಾದ ಮನೆಗಳನ್ನು ಬೇಸಿಗೆಯನ್ನಷ್ಟೇ ಯೋಚಿಸಿ ಕಟ್ಟಿರುತ್ತಾರೆ. ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು, ಕಿಟಕಿಯ ಗಾಜು ಗಡಗಡ ಅನ್ನುತ್ತದೆ. ಸಾಲದ್ದಕ್ಕೆ ಪ್ರತಿ ಕೋಣೆಯ ಗೋಡೆಯಲ್ಲೂ ಸೂರಿನ ಹತ್ತಿರ ಜಾಲರಿ ಹಾಕಿದ ಗಾಳಿಗಂಡಿ ಬೇರೆ. ಬೆಳಗಿನ ಜಾವ ಹಿತ್ತಲ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತಿತ್ತು. ಮಗುವಿನ ಪಾದ ಮುಟ್ಟಿ ನೋಡಿದರೆ ತಣ್ಣಗೆ. ರಾತ್ರಿಯೆಲ್ಲ ಅದು ಅಳುವುದು, ನಾನು ಎತ್ತಿಕೊಂಡು ಓಡಾಡುವುದು. ಕೂತಲ್ಲಿ ಕೂರಲಾರೆ, ಮಲಗಿದರೆ ನಿದ್ದೆ ಬಾರದು. ಮಗು ಆರು ವಾರದ್ದಿರುವಾಗ ಒಂದು ದೊಡ್ಡ ಬಿರುಗಾಳಿ ಬರುತ್ತಿದೆ, ಕರೆಂಟು ಹೋಗಬಹುದು, ತಯಾರಾಗಿರಿ ಎಂದು ರೇಡಿಯೋದಲ್ಲಿ ಹೇಳತೊಡಗಿದರು. ನನಗೆ ಅಷ್ಟೇ ಸಾಕಾಯಿತು.

ಎರಡು ದಿನ ಮನೆಯಲ್ಲಿ ಯುದ್ಧಕ್ಕೆ ಹೊರಟವಳ ಹಾಗೆ ಓಡಾಡಿದೆ. ಟಾರ್ಚು, ಮೇಣದಬತ್ತಿ, ನಾಲ್ಕು ಫ್ಲಾಸ್ಕು. ಹಾರ್ಡ್‌ವೇರ್ ಅಂಗಡಿಯಿಂದ ಸ್ಪಂಜಿನ ಟೇಪು ತಂದು ಕಿಟಕಿಗಳ ಸುತ್ತ ಹಚ್ಚಿದೆ. ಬಾಗಿಲ ಸಂದಿಗೆ ಇಡಲು ಅಮ್ಮ ತನ್ನ ಹಳೆಯ ಸೀರೆ ಹರಿದು, ಉದ್ದಕ್ಕೆ ಚೀಲ ಹೊಲಿದು, ಅಕ್ಕಿ ತುಂಬಿಕೊಟ್ಟಳು. ಅಕ್ಕಿಯನ್ನು ಕಾಲಡಿಗೆ ಹಾಕುವುದೇ ಎಂದು ಗೊಣಗುತ್ತಲೇ ಹೊಲಿದಳು. ಕೊನೆಗೆ ನಾನು ಸ್ಟೂಲು ಹತ್ತಿ ಮಲಗುವ ಕೋಣೆಯ ಗಾಳಿಗಂಡಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ಸುತ್ತ ಅಗಲದ ಟೇಪು ಬಿಗಿದೆ. ಹಸಿ ಬಾಣಂತಿ ಸ್ಟೂಲು ಹತ್ತುತ್ತಾಳಾ ಎಂದು ಅಮ್ಮ ಕೆಳಗೆ ನಿಂತು ಬೈಯುತ್ತಿದ್ದಳು. ಅವಳು ಬೈದಷ್ಟೂ ನಾನು ಇನ್ನೊಂದು ಸುತ್ತು ಟೇಪು ಹಚ್ಚಿದೆ. ಅಂಥ ಸ್ವಭಾವ ನನ್ನದು.

ಬಿರುಗಾಳಿ ಹೇಳಿದ ಹೊತ್ತಿಗೇ ಬಂತು. ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಯಿತು, ಅದರ ಹಿಂದೆಯೇ ಮೊಬೈಲ್ ಸಿಗ್ನಲ್ಲೂ. ಹೀಟರ್ ಕರೆಂಟಿನದು, ಒಲೆಯೂ ಕರೆಂಟಿನದು. ಅರ್ಧ ಗಂಟೆಯಲ್ಲಿ ಕೋಣೆ ತಣ್ಣಗಾಯಿತು. ನಾನು ಗಳಿಗೆಗೊಮ್ಮೆ ಮಗುವಿನ ತುಟಿಯ ಬಣ್ಣ ನೋಡುತ್ತಿದ್ದೆ. ಆಗ ಅಮ್ಮ, ಇದಕ್ಕೇನು ಮಹಾ, ನಿನ್ನನ್ನು ಹೆತ್ತಾಗ ನಿನ್ನಜ್ಜಿ ನಲವತ್ತು ದಿನ ನನ್ನ ಮಂಚದ ಕೆಳಗೆ ಕೆಂಡ ಇಟ್ಟಿದ್ದಳು ಅಂದಳು. ಹಿತ್ತಲಲ್ಲಿ ನಮ್ಮ ಬಾರ್ಬಿ, ಅಂದರೆ ಬಾರ್ಬೆಕ್ಯೂ ಒಲೆ ಇತ್ತು, ಅದರ ಪಕ್ಕದಲ್ಲಿ ಒಂದು ಚೀಲ ಇದ್ದಿಲು. ಅಮ್ಮ ಮಳೆಯಲ್ಲಿ ಛತ್ರಿ ಹಿಡಿದು ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋಗಿ ನಿಗಿನಿಗಿ ಕೆಂಡವಾಗುವ ತನಕ ಕಾದು, ಕಬ್ಬಿಣದ ಬಾಣಲೆಗೆ ತುಂಬಿ ತಂದಳು. ಎರಡು ಇಟ್ಟಿಗೆಯ ಮೇಲೆ ಅದನ್ನು ಮಂಚದ ಪಕ್ಕ ಇಟ್ಟು, ಒಂದು ಚಿಟಿಕೆ ಸಾಂಬ್ರಾಣಿ ಹಾಕಿದಳು. ಕೋಣೆಗೆ ಮೈಸೂರು ಬಂದಂತಾಯಿತು. ನಿಜ ಹೇಳುತ್ತೇನೆ, ಆ ವಾಸನೆಗೆ ನನಗೆ ಅಳು ಬಂತು.

ಅಮ್ಮ ಕಿಟಕಿಯ ಹತ್ತಿರ ಹೋಗಿ ಚಿಲಕಕ್ಕೆ ಕೈ ಹಾಕಿದಳು.

"ಇದನ್ನ ಒಂದ್ಚೂರು ತೆಗೆದಿಡ್ತೀನಿ ಕಣೇ. ಕೆಂಡ ಇಟ್ಟಾಗ ನಮ್ಮಮ್ಮ ಯಾವತ್ತೂ ಪೂರ್ತಿ ಮುಚ್ತಿರ್ಲಿಲ್ಲ."

"ಎರಡು ದಿನದಿಂದ ನಾನು ಮಾಡಿದ್ದೆಲ್ಲ ಹಾಳ್ ಮಾಡ್ಬೇಡ ನೀನು," ಅಂದೆ. "ಮುಚ್ಚು ಅಮ್ಮ."

ಅಷ್ಟರಲ್ಲಿ ಅವಳು ಚಿಲಕ ತೆಗೆದು ಕಿಟಕಿ ಒಂದಿಷ್ಟು ಸರಿಸಿದ್ದಳು, ಮುಚ್ಚಲಿಲ್ಲ. ನಾನೇ ಎದ್ದುಹೋಗಿ ಕಿಟಕಿ ಎಳೆದು ಚಿಲಕ ಹಾಕಿ, ಬಾಗಿಲ ಸಂದಿಗೆ ಅಕ್ಕಿಯ ಚೀಲ ಒತ್ತಿ ಬಂದೆ. ಅವಳು ಕುರ್ಚಿಯ ಮೇಲೆ ಕೂತಳು.

ಕೋಣೆ ಬೆಚ್ಚಗಾಯಿತು. ಮಗು ಹಾಲು ಕುಡಿದು ಮಲಗಿತು. ಆರು ವಾರದಲ್ಲಿ ಮೊದಲ ಸಲ ಅಷ್ಟು ಗಾಢವಾಗಿ ಮಲಗಿದ್ದು. ಅಮ್ಮ ನನ್ನ ಕಡೆ ನೋಡಿ ನಕ್ಕಳು, ನಾನೂ ನಕ್ಕೆ, ಕಿಟಕಿಯ ಜಗಳ ಅಲ್ಲಿಗೆ ಮುಗಿಯಿತು. ನನಗೆ ತಲೆ ನೋಯುತ್ತಿತ್ತು. ನಿದ್ದೆಗೆಟ್ಟಿದ್ದರಿಂದ ಇರಬೇಕು ಅಂದುಕೊಂಡೆ. ಅಮ್ಮ ತನಗೂ ತಲೆ ಭಾರ ಅಂದಳು, ಕಾಫಿ ಇಲ್ಲದ್ದಕ್ಕೆ ಅಂದಳು.

ಎಷ್ಟು ಹೊತ್ತಾಗಿತ್ತೋ. ರವಿಕೆ ಎದೆಯ ಹತ್ತಿರ ಪೂರ್ತಿ ಒದ್ದೆಯಾಗಿದ್ದು ತಿಳಿದು ಕಣ್ಣುಬಿಟ್ಟೆ. ಹಾಲು ತಾನಾಗಿ ಸುರಿಯುತ್ತಿತ್ತು. ಎರಡು ಗಂಟೆಗೊಮ್ಮೆ ಊರೆದ್ದು ಹೋಗುವಂತೆ ಅಳುವ ಮಗು ಎದ್ದಿರಲಿಲ್ಲ. ಎತ್ತಿಕೊಂಡೆ, ಕೆನ್ನೆ ತಟ್ಟಿದೆ, ಪಾದಕ್ಕೆ ಚಿವುಟಿದೆ. ಕತ್ತು ಅತ್ತ ವಾಲಿತು, ಅಷ್ಟೇ. ನೋಡಿದರೆ ಮಂಚದ ಪಕ್ಕದಲ್ಲಿ ಕೆಂಡ, ಗೋಡೆಯ ಮೇಲೆ ನನ್ನ ಟೇಪು. ವರ್ಷಕ್ಕೊಮ್ಮೆ ಗಣಿಯ ಹೊಸ ಕೆಲಸಗಾರರ ಮುಂದೆ ನಿಂತು, ಬೆಂಕಿಯಿಂದ ಹೊರಡುವ ಈ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮೊದಲು ತಲೆನೋವು ಬರುತ್ತದೆ, ಆಮೇಲೆ ನಿದ್ದೆ ಬರುತ್ತದೆ ಎಂದು ಪಾಠ ಹೇಳುತ್ತಿದ್ದವಳು ನಾನು.

ಕಾಲು ತಡವರಿಸುತ್ತಿತ್ತು. ಅಕ್ಕಿಯ ಚೀಲ ಒದ್ದು, ಬಾಗಿಲು ತೆಗೆದು, ಮಗುವನ್ನು ಎದೆಗೆ ಒತ್ತಿಕೊಂಡು ಮನೆ ಮುಂದಿನ ಹುಲ್ಲಿನ ಮೇಲೆ ಬಂದು ಕೂತೆ. ಹಿಂದೆಯೇ ಅಮ್ಮ ಗೋಡೆ ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ಕುಸಿದಳು. ಮಳೆ, ಆ ಚಳಿ. ಎರಡು ದಿನ ಯಾವ ಚಳಿಯನ್ನು ಮನೆಯೊಳಗೆ ಬಿಡಬಾರದೆಂದು ಒದ್ದಾಡಿದ್ದೆನೋ ಅದರಲ್ಲೇ ಮಗನ ಮುಖದ ಮೇಲಿನ ಬಟ್ಟೆ ಸರಿಸಿ, ಉಸಿರಾಡೋ, ಉಸಿರಾಡೋ ಎಂದು ಬೇಡಿಕೊಂಡೆ. ಮಳೆಹನಿ ಬಿದ್ದು ಅವನು ಮುಖ ಹಿಂಡಿದ. ಅಳಲು ಶಕ್ತಿ ಇರಲಿಲ್ಲ.

ಪಕ್ಕದ ಬೀದಿಯಲ್ಲಿದ್ದ ಕನ್ನಡದ ಡಾಕ್ಟರ್ ಆಂಟಿಯ ಮನೆಯಲ್ಲಿ ಗ್ಯಾಸ್ ಒಲೆಯಿತ್ತು. ಬಾಣಂತಿಗೆ ಬಿಸಿ ಸಾರು ತರುತ್ತೇನೆಂದು ಹಿಂದಿನ ದಿನವೇ ಹೇಳಿದ್ದರು. ನಮ್ಮ ಪುಣ್ಯ, ಅವರ ಕಾರು ಅದೇ ಹೊತ್ತಿಗೆ ಬಂದು ನಿಂತಿತು. ನಾನು ಕೆಂಡ ಎಂದೊಡನೆ ಅವರಿಗೆ ಗೊತ್ತಾಯಿತು. ಸಾರಿನ ಪಾತ್ರೆ ಅಲ್ಲೇ ಬಿಟ್ಟು, ಮೂವರನ್ನೂ ಕಾರಿಗೆ ತುಂಬಿಕೊಂಡು, ಸಿಗ್ನಲ್ ದೀಪಗಳಿಲ್ಲದ ರಸ್ತೆಗಳಲ್ಲಿ ಆಸ್ಪತ್ರೆಗೆ ಓಡಿಸಿದರು. ಮಗುವಿಗೆ ಆಮ್ಲಜನಕ ಕೊಟ್ಟರು. ರಾತ್ರಿ ಎಂಟರ ಹೊತ್ತಿಗೆ ಅವನು ಬಾಯಿ ತೆರೆದು ಒಂದೇ ಸಮ ಅಳತೊಡಗಿದ. ಅಮ್ಮ ನೆಲಕ್ಕೆ ಕೈಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು.

ಆಮೇಲೆ ಆಸ್ಪತ್ರೆಯ ಹೆಂಗಸೊಬ್ಬರು ಕಾಗದ ಹಿಡಿದು ಬಂದರು. ಕೆಂಡ ಒಳಗೆ ತಂದದ್ದು ಯಾರು, ಕಿಟಕಿ ತೆರೆದಿತ್ತೇ, ಮುಚ್ಚಿದ್ದು ಯಾರು ಎಂದು ಕೇಳಿದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ನಾನೇ ಆ ಪ್ರಶ್ನೆಗಳನ್ನು ಅವಳಿಗೆ ಕನ್ನಡದಲ್ಲಿ ಹೇಳಿದೆ. ಇಲ್ಲಿಯ ಸರ್ಕಾರದವರು ತಪ್ಪು ಮಾಡಿದ ತಾಯಿಯಿಂದ ಮಗು ಕಿತ್ತುಕೊಂಡು ಹೋಗುತ್ತಾರೆ ಎಂದು ಯಾರೋ ದೇವಸ್ಥಾನದಲ್ಲಿ ಅವಳ ತಲೆಗೆ ತುಂಬಿದ್ದರು. ಅವಳು ನನ್ನ ಮಣಿಕಟ್ಟು ಹಿಡಿದಳು.

"ಎಲ್ಲಾ ನಾನೇ ಮಾಡಿದ್ದು ಅಂತ ಹೇಳು. ಕಿಟಕೀನೂ ನಾನೇ ಮುಚ್ಚಿದ್ದು. ನಾನು ಹೆಂಗಿದ್ರೂ ವೀಸಾ ಮುಗಿದ್ಮೇಲೆ ಹೋಗೋಳು."

ಆ ಹೆಂಗಸು ನನ್ನ ಮುಖ ನೋಡುತ್ತ ಕಾಯುತ್ತಿದ್ದರು. ನಾನು ಅಮ್ಮ ಹೇಳಿದಂತೆಯೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅವರು ಬರೆದುಕೊಂಡರು. ಯಾರೂ ಮಗುವನ್ನು ಕಿತ್ತುಕೊಳ್ಳಲಿಲ್ಲ, ಹಾಗೆ ಕಿತ್ತುಕೊಳ್ಳುತ್ತಲೂ ಇರಲಿಲ್ಲ. ಎಚ್ಚರಿಕೆಯ ಒಂದು ಹಾಳೆ ಕೊಟ್ಟು ಕಳಿಸಿದರು.

ನಾಚಿಕೆಯ ವಿಷಯ ಅದಲ್ಲ. ಗಂಡ ಬಂದ ಮೇಲೆ ಅವನಿಗೂ ನಾನು ಅದನ್ನೇ ಹೇಳಿದೆ. ಡಾಕ್ಟರ್ ಆಂಟಿಗೂ, ಪರ್ತಿನ ಸ್ನೇಹಿತರಿಗೂ ಅದನ್ನೇ. ವರ್ಷ ಕಳೆದಂತೆ ಅದು ಊಟದ ಹೊತ್ತಿನ ತಮಾಷೆಯ ಕಥೆಯಾಯಿತು: ನಮ್ಮಮ್ಮ ಬಾರ್ಬಿಯ ಕೆಂಡ ತಂದು ಮಂಚದ ಪಕ್ಕ ಇಟ್ಟಳು, ಗೊತ್ತಾ. ಗಣಿಗೆ ಗಾಳಿ ಕೊಡುವ ಎಂಜಿನಿಯರ್ ತನ್ನ ಕೂಸಿನ ಕೋಣೆಯ ಗಾಳಿ ಮುಚ್ಚಿದಳೆಂದು ಹೇಳಲು ನಾಲಗೆ ಏಳಲಿಲ್ಲ. ಅಮ್ಮ ಒಮ್ಮೆಯೂ ತಿದ್ದಲಿಲ್ಲ. ಅವಳು ವಾಪಸ್ ಹೋದ ಮೇಲೆ ಮತ್ತೆ ಬರಲಿಲ್ಲ, ಮಂಡಿನೋವು ಅನ್ನುತ್ತಾಳೆ.

ಮಗನಿಗೆ ಐದು ತುಂಬಿದ ಮೇಲೆ ಒಂದು ಭಾನುವಾರ ಅಜ್ಜಿಯ ಜೊತೆ ವೀಡಿಯೋದಲ್ಲಿ ಮಾತಾಡುತ್ತಿದ್ದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಅಜ್ಜಿ, ನಾನು ಪಾಪು ಆಗಿದ್ದಾಗ ನೀನು ನನ್ನನ್ನು ಸಾಯಿಸಿಬಿಡುತ್ತಿದ್ದೆಯಂತೆ, ಹೌದಾ ಎಂದು ನಗುತ್ತ ಕೇಳಿದ. ಆ ಕಥೆ ಅವನು ಕೇಳಿದ್ದು ನನ್ನ ಬಾಯಿಂದಲೇ. ಅಮ್ಮನಿಗೆ ಅಷ್ಟು ಇಂಗ್ಲಿಷ್ ಅರ್ಥವಾಯಿತು. ಹೂಂ ಪುಟ್ಟಾ, ಅಜ್ಜಿಗೆ ಬುದ್ಧಿ ಇರಲಿಲ್ಲ ಅಂದಳು.

ನಾನು ಅಡುಗೆಮನೆಯಿಂದ ಬಂದು ಅವನ ಕೈಯಿಂದ ಫೋನು ತೆಗೆದುಕೊಂಡೆ. ಮಗನಿಗೂ ಅಮ್ಮನಿಗೂ ಇಬ್ಬರಿಗೂ ಕೇಳುವ ಹಾಗೆ ಹೇಳಿದೆ.

"ಅಜ್ಜಿ ಕಿಟಕಿ ತೆಗೆಯೋಕೆ ಹೋದ್ಲು. ನಾನು ಅವಳನ್ನ ಬೈದು ಮುಚ್ಚಿದೆ."

ಮಗ ನನ್ನ ಮುಖ ನೋಡಿದ. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಅಲ್ಲೀಗ ಚಳಿ ಜಾಸ್ತಿಯಾ ಎಂದು ಕೇಳಿದಳು. ಹೌದು ಅಂದೆ. ಮುಂದಿನ ಚಳಿಗಾಲಕ್ಕೆ ಬರಲಾ ಎಂದು ಕೇಳಿದಳು.