ಕತೆಯ ಪಾಲಿನ ಎಡಗೈ

ಮಣಿಕಟ್ಟನ್ನು ಮೂಗಿನ ಹತ್ತಿರ ತಂದರೆ ಹೊಸ ರಬ್ಬರಿನ ವಾಸನೆ. ನಿಮಗಾದರೆ ಶಾಲೆಯ ಮೊದಲ ದಿನ ನೆನಪಾದೀತು. ನನಗೆ ನೆನಪಾಗುವುದು ದೊಡ್ಡಮ್ಮ. ಜನ್ಮದಲ್ಲಿ ವಾಚು ಕಟ್ಟಿದವಳಲ್ಲ ಅವಳು. ಕಾರಣ ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು.

ಪಾರ್ಶ್ವವಾಯು ಬಂದು ಹೋದ ಮೇಲೆ ನನ್ನ ಎಡಗೈ ಮುನಿಸಿಕೊಂಡ ನೆಂಟನಂತೆ ಮಡಿಲಲ್ಲಿ ಕೂತುಬಿಟ್ಟಿತು. ಕಾಸರಗೋಡಿನ ಕ್ಲಿನಿಕ್ಕಿನಲ್ಲಿ ಹೇಳಿದರೆ ಒಂದಿಷ್ಟು ಏಳುತ್ತದೆ. ಮನೆಯಲ್ಲಿ ಅದೂ ಇಲ್ಲ. ಇನ್ನು ಮರಳಿ ಬರುತ್ತದೋ ಇಲ್ಲವೋ ಎಂದು ನಾನೂ ಕೇಳಲಿಲ್ಲ, ಹೆಂಡತಿಯೂ ಕೇಳಲಿಲ್ಲ. ಊಟದ ಹೊತ್ತಿಗೆ ಇಬ್ಬರೂ ಬೇರೆ ಕಡೆ ನೋಡುತ್ತಿದ್ದೆವು. ಕೊನೆಗೆ ಫಿಸಿಯೋಥೆರಪಿಯ ಹುಡುಗಿ ಎರಡೂ ಮಣಿಕಟ್ಟಿಗೆ ವಾಚಿನಂಥ ರಬ್ಬರ್ ಪಟ್ಟಿ ಕಟ್ಟಿ ಕಳಿಸಿದಳು. ಒಳಗೆ ಸೆನ್ಸರ್ ಉಂಟಂತೆ. ಮನೆಯಲ್ಲಿ ಯಾವ ಕೈ ಎಷ್ಟು ಆಡಿತೆಂದು ಅದು ಹೇಳುತ್ತದಂತೆ.

ಮರಳಿ ಹೋದಾಗ ಕಂಪ್ಯೂಟರಿನ ಗೆರೆಯಲ್ಲಿ ಬಲಗೈಯದ್ದು ಬೆಟ್ಟಗುಡ್ಡ, ಎಡಗೈಯದ್ದು ಬರೀ ಬಯಲು. ಸಂಜೆಯ ಕಡೆಗೆ ಮಾತ್ರ ಬಯಲಿನಲ್ಲೊಂದು ಗುಡ್ಡ.

"ಮಾಷ್ಟ್ರೆ, ಸಂಜೆ ನೀವು ಎಂತ ಮಾಡಿದ್ದು?" ಎಂದಳು. "ಇದು ನಾನು ಹೇಳಿಕೊಟ್ಟ ವ್ಯಾಯಾಮ ಅಲ್ಲ."

ಮಾಡಿದ್ದೇನು, ಹೆಂಡತಿಗೆ ದೊಡ್ಡಮ್ಮನ ಕತೆ ಹೇಳಿದ್ದೆ, ಅಷ್ಟೆ.

ಮಧೂರಿನ ಆಚೆ ಅವಳ ಮನೆ. ನನಗೆ ಮಾತು ಕಲಿಸಿದವಳೇ ಅವಳು. ಬಲಗೈಗೆ ಸದಾ ಸೌಟೋ ಕತ್ತಿಯೋ ಗುಡಿಸುವ ಹಿಡಿಸೂಡಿಯೋ ಇದ್ದುದರಿಂದ ಕತೆಯ ಪಾಲಿಗೆ ಉಳಿದದ್ದು ಎಡಗೈ. ಜಿಪುಣ ಭಾವನೊಬ್ಬ ಪಂಕ್ತಿಯಲ್ಲಿ ತುಪ್ಪ ಬಡಿಸಿದ ಚಂದವನ್ನು ಹೇಳುವಾಗ ಆ ಕೈ ಸೌಟೂ ಆಗುತ್ತಿತ್ತು, ಸೌಟಿನಿಂದ ಬೀಳಲೊಲ್ಲದ ಹನಿಯೂ ಆಗುತ್ತಿತ್ತು. ನಾನು ಕೈಕಟ್ಟಿ ನಿಂತು ಕತೆಗೆ ತೊಡಗಿದರೆ, "ಬಾಯಿ ಮಾತ್ರ ಆಡಿದರೆ ಕತೆ ಆಗ್ತದಾ ಮಾರಾಯ? ಕೈಯನ್ನು ಎಂತ ಅಡವು ಇಟ್ಟಿದ್ದೀಯಾ?" ಎನ್ನುವಳು. ಅವಳ ಮಾತು ನನ್ನಲ್ಲಿ ಉಳಿದದ್ದು ಗೊತ್ತಿತ್ತು. ಕೈಯೂ ಉಳಿದಿದೆಯೆಂದು ತಿಳಿಯಲು ಯಂತ್ರ ಬೇಕಾಯಿತು. ಆ ಅಡುಗೆಮನೆಯ ಹೊಸ್ತಿಲಲ್ಲಿ ಇನ್ನೊಮ್ಮೆ ಕೂತು ಬೈಸಿಕೊಳ್ಳುವಂತಿದ್ದರೆ ಎಂದು ಬಸ್ಸಿನುದ್ದಕ್ಕೂ ಅನ್ನಿಸಿತು.

ದಿನಾ ಕತೆ ಹೇಳಿ ಎಂದು ಹುಡುಗಿ ಪಟ್ಟಿಯನ್ನು ಮತ್ತೆ ಕಟ್ಟಿ ಕಳಿಸಿದ್ದಳು. ಇವತ್ತು ಸಂಜೆ ಕೂತೆ. ಗೊತ್ತಾದ ಮೇಲೆಯೇ ಕಷ್ಟ ನೋಡಿ. ನನ್ನ ಕಣ್ಣೆಲ್ಲ ಕೈಯ ಮೇಲೆ. ಕೈಯೋ, ಹೆಣ್ಣು ನೋಡಲು ಬಂದವರ ಮುಂದೆ ಕೂರಿಸಿದಂತೆ, ಅಲುಗದು. ಹೆಂಡತಿ ಕುರ್ಚಿಯನ್ನು ಹತ್ತಿರ ಎಳೆದಳು.

"ಕೈಯನ್ನು ನೋಡಬೇಡಿ," ಎಂದಳು. "ನನ್ನನ್ನು ನೋಡಿ ಹೇಳಿ."

ನೋಡಿದೆ. ಹಾಗೆ ನೋಡದೆ ಎಷ್ಟು ಕಾಲವಾಗಿತ್ತೋ. ಕತೆ ಎಲ್ಲೋ ಹೊರಟು ಎಲ್ಲೋ ಮುಟ್ಟಿತು, ನಡುವೆ ಅವಳು ನಕ್ಕಳು. ಕೈ ಎದ್ದಿತೋ ಇಲ್ಲವೋ ಕೇಳಬೇಡಿ. ನಾನು ಅತ್ತ ನೋಡಲಿಲ್ಲ.