ತಮ್ಮಾ ಅಂದ ಬಾಯಿ

ಸೊಲ್ಲಾಪುರದಲ್ಲಿ ಬಾಡಿಗೆಯ ಎರಡು ಖೋಲಿಗಳಲ್ಲಿ ನಾನು ಟವೆಲ್ಲು, ಚಾದರಗಳನ್ನು ಆನ್‌ಲೈನ್ ಮಾರಲು ಶುರು ಮಾಡಿದಾಗ ಮೊದಲ ದಿನವೇ ಕೆಲಸಕ್ಕೆ ಬಂದ ಎಲ್ಲರಿಗೂ ಒಂದು ಮಾತು ಹೇಳಿದ್ದೆ: ಇಲ್ಲಿ ಶೇಠ, ಆಳು ಅಂತ ಯಾರೂ ಇಲ್ಲ, ಇದು ಮನೆ. ನಮ್ಮೂರು ಚಪಳಗಾಂವ. ಅಲ್ಲಿಂದ ಬಂದು ಬೇರೆಯವರ ಟವೆಲ್ ಅಂಗಡಿಯಲ್ಲಿ ಮಾಲೀಕ ಕೂರುವ ಗಲ್ಲೆಯ ಮುಂದೆ ಏಳು ವರ್ಷ ನಿಂತು ಬೈಗುಳ ತಿಂದವನು ನಾನು. ನನ್ನ ಕೈಕೆಳಗೆ ಯಾರೂ ಹಾಗೆ ನಿಲ್ಲಬಾರದು ಅನ್ನುವುದು ಆಸೆ. ಗಿರಾಕಿಗೂ ಅಷ್ಟೇ. ಫೋನು ಎತ್ತಿದ ಕೂಡಲೇ 'ಊಟ ಆತೇನ್ರಿ' ಅನ್ನಬೇಕು. ಮಾಲು ಬೇಡವೆಂದರೆ ಯಾಕೆ ಅಂತ ಕೇಳದೆ ವಾಪಸ್ಸು ತಗೋಬೇಕು. 'ಇಲ್ಲ' ಅನ್ನುವ ಶಬ್ದವನ್ನೇ ಬಳಸಬಾರದು. ಇದನ್ನೆಲ್ಲ ಮರಾಠಿಯಲ್ಲಿ ಬರೆಸಿ ಗೋಡೆಗೆ ಹಚ್ಚಿದ್ದೆ.

ಫೋನಿನ ಕೆಲಸಕ್ಕೆ ಬಂದವಳು ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ಇರಲಿಲ್ಲ. ಅಕ್ಕಲಕೋಟದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಅದಕ್ಕೂ ಮೊದಲು ಕಾರಖಾನೆಯಿಂದ ಎಲೆ ತಂದು ಮನೆಯಲ್ಲೇ ಬೀಡಿ ಕಟ್ಟುತ್ತಿದ್ದಳಂತೆ. ಅವಳನ್ನು ನಾವೆಲ್ಲ ಅಕ್ಕ ಅನ್ನುತ್ತಿದ್ದೆವು, ಅವಳು ನನ್ನನ್ನು 'ತಮ್ಮಾ' ಅನ್ನುತ್ತಿದ್ದಳು. ಅವಳ ದನಿಯಲ್ಲಿ ಏನಿತ್ತೋ, ಸಿಟ್ಟಿನಿಂದ ಫೋನು ಮಾಡಿದ ಗಿರಾಕಿ ಕೊನೆಗೆ ತನ್ನ ಮಗಳ ಲಗ್ನದ ಸುದ್ದಿ ಹೇಳಿ ಫೋನು ಇಡುತ್ತಿದ್ದ. ಒಂದು ವರ್ಷದಲ್ಲಿ ನಾವು ಬೆಳೆದದ್ದು ನನ್ನ ಟವೆಲ್ಲಿನಿಂದಲ್ಲ, ಆ ದನಿಯಿಂದ.

ದೂರದ ಊರಿನ ಲಾಡ್ಜ್ ಮಾಲೀಕನೊಬ್ಬ ನಮ್ಮ ದೊಡ್ಡ ಗಿರಾಕಿ. ಬಳಸಿದ ಟವೆಲ್ಲುಗಳನ್ನೇ ಬಣ್ಣ ಬಿಟ್ಟಾವ ಅಂತ ತಿರುಗಿ ಕಳಿಸುತ್ತಿದ್ದ, ನಾವು ತಗೋತಿದ್ದೆವು. ಮುಂದೆ ಸುಮ್ಮಸುಮ್ಮನೆ ಫೋನು ಮಾಡತೊಡಗಿದ. ಅಕ್ಕನೇ ಎತ್ತಬೇಕು ಅನ್ನುತ್ತಿದ್ದ. ಮೊದಲು ಬೈಗುಳ, ಆಮೇಲೆ ಹೇಳಬಾರದ ಮಾತು.

"ತಮ್ಮಾ, ಆ ಮನಷ್ಯಾನ ಕೂಡ ನಾ ಮಾತಾಡಂಗಿಲ್ಲ," ಅಂದಳು ಒಂದು ದಿನ ಪಾರ್ಸಲ್ಲುಗಳ ಮರೆಗೆ ನನ್ನನ್ನು ಕರೆದು.

"ಅಕ್ಕಾ, ಗಿರಾಕಿ ಅಂದ್ರ ಮನಿಗಿ ಬಂದ ಬೀಗರಿದ್ದಂಗ. ಒಂದ್ ಮಾತು ಅಂದ್ರ ತಡ್ಕೋಬೇಕಲ್ಲ?"

"ಬೀಗರು ವರ್ಷಕ್ಕೊಮ್ಮಿ ಬರ್ತಾರ. ಇಂವ ದಿನಾ ಬರಾಕತ್ತಾನ."

ನಾನು ನಕ್ಕೆ. ಅವಳು ನಗಲಿಲ್ಲ. ಮರುದಿನ ಅವನ ಫೋನು ಬಂದಾಗ ಅವಳು ಏನೂ ಹೇಳದೆ ಇಟ್ಟುಬಿಟ್ಟಳು. ಅವನು ನನಗೇ ಫೋನು ಮಾಡಿದ. ಆ ಹೆಂಗಸು ಮಾಫಿ ಕೇಳಬೇಕು, ಇಲ್ಲದಿದ್ದರೆ ಅಂಗಡಿಯ ಹೆಸರು ಕೆಡಿಸುತ್ತೇನೆ ಅಂದ. ನಾನು ಸ್ಪೀಕರ್ ಹಚ್ಚಿ ಫೋನನ್ನು ಅಕ್ಕನ ಮುಂದೆ ಇಟ್ಟೆ. ಪಾರ್ಸಲ್ಲುಗಳಿಗೆ ಟೇಪು ಹಚ್ಚುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಅವಳು ನನ್ನ ಮುಖ ನೋಡಿದಳು. ನಾನು ಹೂಂ ಅನ್ನುವಂತೆ ತಲೆ ಆಡಿಸಿದೆ.

"ತಪ್ಪಾತ್ರಿ ಸಾಹೇಬ್ರ," ಅಂದಳು, ಅದೇ ಸಿಹಿ ದನಿಯಲ್ಲಿ. "ಊಟ ಆತೇನ್ರಿ?"

ಅವತ್ತು ಸಂಜೆಯ ಬಸ್ಸಿಗೆ ಹೋದವಳು ಮತ್ತೆ ಬರಲಿಲ್ಲ.

ಅವಳ ಫೋನಿಗೆ ನಾನು ಕೂತೆ. ಮೂರನೇ ದಿನ ಅವನದೇ ಕರೆ. ಆ ಹೆಂಗಸು ಎಲ್ಲಿ ಅಂದ, ಬೈದ. ಅವಳ ಬಗ್ಗೆ ಅವನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಫೋನು ಕುಕ್ಕಬೇಕು ಅಂತ ನನಗೆ ಗೊತ್ತಿತ್ತು. ಆದರೆ ಬಾಯಿಂದ ಬಂದದ್ದು, "ಹೌದ್ರಿ, ತಪ್ಪಾತ್ರಿ." ಎರಡು ಸಲ, ಮೂರು ಸಲ ಹಾಗೇ ಅಂದೆ. ಎಡಗೈಯಿಂದ ಮೇಜಿನ ಅಂಚನ್ನು ಹಿಡಿದುಕೊಂಡಿದ್ದೆ. ಏಳು ವರ್ಷ ಗಲ್ಲೆಯ ಮುಂದೆ ನಿಂತವನೇ ಅಲ್ಲಿ ಕೂತಿದ್ದ. ಈ ಸಲ ಹಾಗೆ ನಿಲ್ಲಿಸಿದವರು ಬೇರೆ ಯಾರೂ ಅಲ್ಲ, ನಾನೇ.

ಮರುದಿನ ಮುಂಜಾನೆ ಅಕ್ಕಲಕೋಟಕ್ಕೆ ಹೋದೆ. ಅಕ್ಕ ಹೊಸ್ತಿಲಲ್ಲಿ ಕೂತು, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನನ್ನನ್ನು ಕಂಡು ಎದ್ದು ಚಹಾ ಮಾಡಿ ಕೊಟ್ಟಳು. ಆಮೇಲೆ ಮತ್ತೆ ಕೂತು ಎಲೆ ಸುತ್ತತೊಡಗಿದಳು.

"ಅಕ್ಕಾ, ನಂದು ತಪ್ಪಾಗ್ಯದ. ತಿರುಗಿ ಬಾ. ಅವನ ಫೋನ ನಿನಗ ಕೊಡಂಗಿಲ್ಲ."

ಅವಳು ಸುತ್ತಿದ ಬೀಡಿಗೆ ದಾರ ಕಟ್ಟಿ ಮೊರದಲ್ಲಿಟ್ಟಳು. ಆಮೇಲೆ ಅಂದಳು, "ನೀ ಶೇಠ ಆಗಿದ್ರ ನಾ ಅವತ್ತೇ ನಿನ್ನ ಕೂಡ ಜಗಳಾ ತಗೀತಿದ್ದೆ. ಬೀಡಿ ಕಾರಖಾನ್ಯಾಗ ಎಲಿ ಕಡಿಮಿ ಕೊಟ್ರ ನಾವು ಹೆಣ್ಮಕ್ಕಳು ಕೂಡಿ ಬಾಗಲದಾಗ ಕೂಡತಿದ್ವಿ. ನಿನ್ನಲ್ಲಿ ಹಂಗ ಮಾಡಾಕ ಬರಲಿಲ್ಲ. ತಮ್ಮಾ ಅಂದ ಬಾಯಿಲೇ ಜಗಳಾ ಹೆಂಗ ಮಾಡ್ಲಿ?"

ನನ್ನ ಕೈಯಲ್ಲಿ ಚಹಾ ಆರಿತು. ಪ್ರೀತಿಯಿಂದ ಕಟ್ಟಿದ್ದೇನೆ ಅಂದುಕೊಂಡ ಮನೆಗೆ ನಾನು ಬಾಗಿಲನ್ನೇ ಇಟ್ಟಿರಲಿಲ್ಲ.

"ಬರ್ತೀಯೇನು?"

"ಇಲ್ಲ," ಅಂದಳು. ತೀರ ಸರಳವಾಗಿ ಅಂದಳು. ಆ ಶಬ್ದವನ್ನು ಅವಳ ದನಿಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಸೊಲ್ಲಾಪುರಕ್ಕೆ ಬಂದವನೇ ಲಾಡ್ಜ್ ಮಾಲೀಕನಿಗೆ ಫೋನು ಮಾಡಿ, ಇನ್ನು ಮುಂದೆ ನಿಮಗೆ ಮಾಲು ಕಳಿಸುವುದಿಲ್ಲ ಅಂದೆ. ಅವನು ನಕ್ಕ. ವಾರದೊಳಗೆ ಬೇರೆ ಬೇರೆ ಹೆಸರಿನಲ್ಲಿ ನಮ್ಮ ಅಂಗಡಿಯ ರೇಟಿಂಗಿಗೆ ಒಂದೊಂದೇ ಸ್ಟಾರು ಬಿದ್ದವು. ಆರ್ಡರು ಕಡಿಮೆಯಾಗಿ, ಪಾರ್ಸಲ್ ಒಯ್ಯಲು ದಿನಾ ಎರಡು ಸಲ ಬರುತ್ತಿದ್ದ ಕೊರಿಯರ್ ಗಾಡಿ ಒಂದೇ ಸಲ ಬರತೊಡಗಿತು. ಆ ಗಾಡಿಯ ಸಪ್ಪಳಕ್ಕಾಗಿ ಕಿವಿಗೊಟ್ಟು ಕೂತ ಮಧ್ಯಾಹ್ನಗಳಲ್ಲಿ, ಅವನಿಗೆ ಮತ್ತೆ ಫೋನು ಮಾಡಿ ಮಾಫಿ ಕೇಳಿಬಿಡಲೇ ಅಂತ ಎಷ್ಟೋ ಸಲ ಅನಿಸಿದೆ. ಕೇಳಲಿಲ್ಲ.

ಗೋಡೆಯ ಮೇಲಿನ ಬರಹ ಹರಿದು ತೆಗೆದೆ. ಎಲ್ಲರನ್ನೂ ಕೂಡಿಸಿ, ಹೊಲಸು ಮಾತಾಡಿದರೆ ಫೋನು ಇಟ್ಟುಬಿಡಿ, ನನ್ನನ್ನು ಕೇಳಬೇಡಿ ಅಂದೆ. ಎಲ್ಲರೂ ತಲೆ ಆಡಿಸಿದರು. ಈಗ ಅಕ್ಕನ ಫೋನಿಗೆ ಕೂರುವ ಹುಡುಗಿ ಚುರುಕಿನವಳು, ಮರಾಠಿ ಕನ್ನಡ ಎರಡೂ ನೆಟ್ಟಗೆ ಆಡುತ್ತಾಳೆ. ಆದರೆ ಆಚೆ ಕಡೆಯ ದನಿ ಏರಿತೆಂದರೆ ಇವಳ ಕಣ್ಣು ನನ್ನ ಕಡೆ ತಿರುಗುತ್ತದೆ. ಇಡು, ಇಡು ಅಂತ ನಾನು ಕೈಸನ್ನೆ ಮಾಡುತ್ತೇನೆ. ಅವಳು ನನ್ನನ್ನೇ ನೋಡುತ್ತಾ, "ತಪ್ಪಾತ್ರಿ," ಅನ್ನುತ್ತಲೇ ಇರುತ್ತಾಳೆ.