ಲೇಡೀಸ್ ಡಬ್ಬಾದಲ್ಲಿ ಓದಿದ ಕೊನೆಯ ಪುಟ

ತೊಂಬತ್ತರ ದಶಕದಲ್ಲಿ, ಸಂಜೆ ಮುಂಬಯಿಯಿಂದ ಡೊಂಬಿವಲಿಗೆ ಮರಳುವ ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ನಾನು ಕನ್ನಡ ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಅದಕ್ಕೆ ಬದಲಾಗಿ ಗೆಳತಿಯರು ನನ್ನ ಮೆಂತ್ಯ ಸೊಪ್ಪು ಬಿಡಿಸಿಕೊಡುತ್ತಿದ್ದರು. ಆ ವಾರದ ಕಾದಂಬರಿಯ ನಾಯಕ ಕುಡುಕ. ನಾಯಕಿ ಅತ್ತಾಗಲೆಲ್ಲ ಇವರೂ ಅಳುತ್ತಿದ್ದರು. ‘ಪಾಪ, ಒಳ್ಳೆಯವ. ಪ್ರೀತಿ ಸಿಕ್ಕಿದ್ರೆ ಬಿಡ್ತಾನೆ’ ಎಂದು ಗುಂಪಿನಲ್ಲಿದ್ದ ಉಡುಪಿಯ ಅಕ್ಕ ದಿನವೂ ಹೇಳುವುದನ್ನು ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಮನೆಯಲ್ಲಿ ನನ್ನ ಅತ್ತೆ ಹೇಳುತ್ತಿದ್ದುದೂ ಅದನ್ನೇ.

ಕೊನೆಯ ಪುಟದಲ್ಲಿ ನಾಯಕಿ ಅವನ ಕೈ ಹಿಡಿಯುತ್ತಾಳೆ, ಅವನು ಬಾಟಲಿ ಒಡೆಯುತ್ತಾನೆ, ಅಲ್ಲಿಗೆ ಶುಭಂ. ನನಗೆ ರೇಗಿತು. ಅಚ್ಚಾದದ್ದನ್ನು ಬಿಟ್ಟು, ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ನನ್ನ ಗಂಡನ ಕಥೆಯನ್ನು ಓದಿದೆ. ಅವನು ಟಿಟ್ವಾಳಾ ಗಣಪತಿಯ ಮುಂದೆ ಆಣೆ ಮಾಡಿದ. ಮರಳುವಾಗ ಹೆಂಡತಿಯನ್ನು ಗಾಡಿಯಲ್ಲೇ ಬಿಟ್ಟು ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿದ. ಕುಡಿದು ಮನೆಗೆ ಬಂದು, ಪ್ರಸಾದ ಎಲ್ಲಿ ಎಂದು ಕೇಳಿದ.

ಯಾರೂ ಅಳಲಿಲ್ಲ. ‘ಇಂಥದ್ದನ್ನೆಲ್ಲ ಪುಸ್ತಕದಲ್ಲಿ ಯಾರು ಬರೀತಾರೆ?’ ಎಂದು ಒಬ್ಬಳು ಗೊಣಗಿದಳು.

ಉಡುಪಿಯ ಅಕ್ಕ ಮೆಂತ್ಯದಿಂದ ತಲೆ ಎತ್ತಲಿಲ್ಲ. ‘ನಮ್ಮ ಮನೆಯ ವಿಷಯ ನಿಂಗೆ ಯಾರು ಹೇಳಿದ್ದು ಮಾರಾಯ್ತಿ?’ ಎಂದು ಮೆಲ್ಲನೆ ಕೇಳಿದರು.